ಇಟ್ಕೊಳ್ಳೋದು, ಇದ್ಕೊಳ್ಳೋದು

ಸ್ಪ್ಯಾನಿಷ್‌ನಲ್ಲಿ ‘ಸೆ’ ಅಂತ ಒಂದು ಪುಟ್ಟ ಪದ ಇದೆ. ಒಂದೇ ಅಕ್ಷರ. ಕ್ರಿಯಾಪದದ ಬಾಲಕ್ಕೆ ಇದು ಅಂಟಿಕೊಂಡರೆ ಸಾಕು, ಎಷ್ಟೋ ಸಲ ಆ ಕ್ರಿಯಾಪದ ತನ್ನ ಹಳೇ ಅರ್ಥ ಬಿಟ್ಟು ಬೇರೆ ದಾರಿ ಹಿಡಿಯುತ್ತೆ. ‘ದೊರ್ಮೀರ್’ ಅಂದರೆ ನಿದ್ದೆ ಮಾಡು. ‘ದೊರ್ಮೀರ್ಸೆ’ ಅಂದರೆ ನಿದ್ದೆಗೆ ಜಾರು. ‘ಅಕೊರ್ದಾರ್’ ಅಂದರೆ ಮಾತಾಡಿ ಒಪ್ಪಂದಕ್ಕೆ ಬಾ. ‘ಅಕೊರ್ದಾರ್ಸೆ’ ಅಂದರೆ ಜ್ಞಾಪಿಸಿಕೋ. ‘ಇರ್’ ಅಂದರೆ ಹೋಗು. ‘ಇರ್ಸೆ’ ಅಂದರೆ ಇದ್ದ ಜಾಗ ಬಿಟ್ಟು ಹೊರಡು. (‘ಇರ್’ ಅಂದರೆ ಹೋಗು ಅಂತ ಕನ್ನಡದ ತಲೆಗೆ ಹತ್ತಿಸೋದೇ ಒಂದು ಸಾಹಸ, ಬಿಡಿ.)

ನಾನು ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ್ದು ಭಾಷಾಪ್ರೇಮದಿಂದಲ್ಲ. ನಮ್ಮ ಟೀಮಿಗೆ ಮೆಕ್ಸಿಕೋದ ಕ್ಲೈಂಟ್ ಬಂದರು. 20 ದೇಶಗಳ ಅಧಿಕೃತ ಭಾಷೆ, ಕಲಿತರೆ ನಾಳೆ ಎಲ್ಲಾದರೂ ಉಪಯೋಗಕ್ಕೆ ಬರುತ್ತೆ ಅಂತ ಸಂಜೆಯ ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡೆ. ಮೂರನೇ ತಿಂಗಳಿಗೆ ಈ ‘ಸೆ’ ಬಂತು. ಕ್ಲಾಸಲ್ಲಿದ್ದ ಎಲ್ಲರೂ ಇಂಗ್ಲಿಷ್ ಮೂಲಕವೇ ಕಲಿಯೋರು, ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ. ಕೈ ತೊಳೆಯೋದಕ್ಕೆ ‘ನನ್ನನ್ನು ನಾನು’ ಅನ್ನೋದು ಯಾಕೆ ಬೇಕು? ‘ನನ್ನ ಕೈ’ ಅಂದರೆ ಸಾಲದಾ? ಸ್ಪ್ಯಾನಿಷ್‌ನಲ್ಲಿ ‘ಲಾವಾರ್ಸೆ ಲಾಸ್ ಮಾನೋಸ್’ ಅಂತಾರೆ. ಯಾರ ಕೈ ಅಂತ ಹೇಳೋದೇ ಇಲ್ಲ. ಯಾರ ಕೈ ಅನ್ನೋದನ್ನ ಆ ‘ಸೆ’ ಹೇಳಿ ಮುಗಿಸಿರುತ್ತೆ.

ನನಗೆ ಮಾತ್ರ ಇದು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸ್ತು. ಊಟಕ್ಕೆ ಮುಂಚೆ ನಮ್ಮವ್ವ ಇಪ್ಪತ್ತು ವರ್ಷ ಕೂಗಿದ್ದು ಇದನ್ನೇ: “ಕೈ ತೊಳ್ಕಳ್ಳಿ!” ಅದರಲ್ಲಿ ‘ನಿಮ್ಮ’ ಇಲ್ಲ. ‘ಕೈ ತೊಳಿ’ ಅಂದಿದ್ದರೆ ಯಾರ ಕೈಯೋ, ಪಕ್ಕದಲ್ಲಿ ಕೂತ ಮಗುವಿನ ಕೈಯೋ ಅಂತ ಕೇಳಬಹುದಿತ್ತು. ‘ತೊಳ್ಕೊ’ ಅಂದಮೇಲೆ ಕೇಳೋಕೆ ಏನೂ ಉಳಿಯಲ್ಲ.

ಆ ‘ಸೆ’ಯ ಕನ್ನಡ ಬಂಧು ನಮ್ಮ ‘ಕೊಳ್ಳು’. ಒಂದೇ ವ್ಯತ್ಯಾಸ ಅಂದರೆ ಸ್ಪ್ಯಾನಿಷ್‌ನ ಪದ ನಾನು ಅಂದರೆ ‘ಮೆ’, ನೀನು ಅಂದರೆ ‘ತೆ’ ಅಂತ ಬದಲಾಗುತ್ತೆ. ನಮ್ಮದು ಎಲ್ಲರಿಗೂ ಒಂದೇ. ಒಂಟಿಯಾಗಿದ್ದಾಗ ಕೊಳ್ಳು ಅಂದರೆ ಖರೀದಿಸು, ತೆಗೆದುಕೋ. ಹಳಗನ್ನಡದಲ್ಲಿ ಇನ್ನೂ ಒರಟು: ದನ ಹೊಡೆದುಕೊಂಡು ಹೋಗೋದಕ್ಕೆ ವೀರಗಲ್ಲುಗಳಲ್ಲಿ ‘ತುರುಗೊಳ್’ ಅಂತ ಬರುತ್ತೆ. ಇನ್ನೊಂದು ಕ್ರಿಯಾಪದದ ಹಿಂದೆ ನಿಂತಾಗ ಮಾತ್ರ ಅದು ಮೆತ್ತಗಾಗಿ, ಈ ಕೆಲಸ ಯಾರ ಲೆಕ್ಕಕ್ಕೆ ಅಂತ ಹೇಳೋ ಗುಮಾಸ್ತನ ಹಾಗೆ ಆಗುತ್ತೆ. ಬರವಣಿಗೆಯಲ್ಲಿ ‘ಮಾಡಿಕೊಳ್ಳುತ್ತೇನೆ’, ಬೆಂಗಳೂರಲ್ಲಿ ‘ಮಾಡ್ಕೋತೀನಿ’, ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಮಾಡ್ಕತೀನಿ’. ಸವೆದು ಸವೆದು ಒಂದು ‘ಕ’ ಉಳಿದಿದೆ. ಸ್ಪ್ಯಾನಿಷ್‌ನ ‘ಸೆ’ಗಿಂತ ದೊಡ್ಡದೇನಲ್ಲ.

ಆಮೇಲೆ ಅರ್ಥ ಬದಲಾಗೋ ಕ್ರಿಯಾಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದರು. ನಾನು ಪಕ್ಕದಲ್ಲಿ ಕನ್ನಡದ್ದನ್ನೂ ಬರೆಯುತ್ತಾ ಹೋದೆ.

‘ಕಸಾರ್’ ಅಂದರೆ ಮದುವೆ ಮಾಡು, ‘ಕಸಾರ್ಸೆ’ ಅಂದರೆ ಮದುವೆ ಮಾಡಿಕೋ. ಅಪ್ಪ-ಅಮ್ಮ ‘ನಿನ್ ಮದ್ವೆ ಮಾಡ್ಬೇಕು’ ಅಂತಾರೆ, ನಾವು ‘ಮಾಡ್ಕೋತೀನಿ ಬಿಡಿ’ ಅಂತೀವಿ. ಮಧ್ಯದಲ್ಲಿರೋ ಆ ಒಂದು ‘ಕೊ’ಗೆ ಎಷ್ಟು ಮನೆಗಳಲ್ಲಿ ಎಷ್ಟು ದಿನ ಮಾತು ನಿಂತಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

‘ದೆಸ್ಪೆದೀರ್’ ಅಂದರೆ ಒಬ್ಬರನ್ನ ಕಳಿಸಿಕೊಡು, ಕೆಲಸದಿಂದ ತೆಗೆಯೋದಕ್ಕೂ ಅದೇ ಪದ. ‘ದೆಸ್ಪೆದೀರ್ಸೆ’ ಅಂದರೆ ನಾವಾಗಿ ಹೋಗಿಬರ್ತೀನಿ ಅಂತ ಹೇಳು. ನಮ್ಮಲ್ಲಿ ‘ಬೀಳ್ಕೊಡು’, ‘ಬೀಳ್ಕೊಳ್ಳು’. ಆಫೀಸಿನವರು ಕೇಕ್ ಕತ್ತರಿಸಿ ಬೀಳ್ಕೊಡ್ತಾರೆ, ಹೊರಟವರು ಬೀಳ್ಕೊಳ್ತಾರೆ. ಲೇಆಫ್ ಕಾಲದಲ್ಲಿ ಯಾರಿಗೂ ಬೀಳ್ಕೊಳ್ಳೋಕೆ ಪುರುಸೊತ್ತು ಕೊಡಲ್ಲ, ಬೆಳಿಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗಲ್ಲ ಅಷ್ಟೇ.

‘ಅಕೊರ್ದಾರ್ಸೆ’ಗೆ ನಾನು ಬರೆದುಕೊಂಡಿದ್ದು ‘ನೆನೆಸಿಕೋ’. ಅವ್ವ ರಾತ್ರಿ ಅಕ್ಕಿ ನೆನೆಸ್ತಾಳೆ, ಆಮೇಲೆ ಕೂತು ಅಪ್ಪನ್ನ ನೆನೆಸ್ಕೋತಾಳೆ. ಮೂಲದಲ್ಲಿ ಇವೆರಡೂ ಬೇರೆ ಬೇರೆ. ಹಳಗನ್ನಡದಲ್ಲಿ ಒದ್ದೆಯಾಗೋದಕ್ಕೆ ‘ನನೆ’, ಜ್ಞಾಪಕಕ್ಕೆ ‘ನೆನೆ’. ಕಾಲಕ್ರಮದಲ್ಲಿ ಎರಡೂ ಒಂದೇ ರೂಪಕ್ಕೆ ಬಂದವು. ಈಗ ಅವನ್ನ ಬೇರೆ ಮಾಡೋ ಕೆಲಸ ಬಹುಪಾಲು ಈ ‘ಕೊ’ದ ಮೇಲೇ ಬಿದ್ದಿದೆ.

ಇನ್ನೂ ಇವೆ, ನೀವೇ ಪಟ್ಟಿ ಬೆಳೆಸಬಹುದು. ನಡಿ ಅಂದರೆ ಕಾಲಿನ ಕೆಲಸ, ನಡ್ಕೊ ಅಂದರೆ ಗುಣದ ಕೆಲಸ. ಕಳೆದೆ ಅಂದರೆ ರಜ ಕಳೆದೆ, ಕಳ್ಕೊಂಡೆ ಅಂದರೆ ಪರ್ಸ್. ಹಚ್ಚಿದೆ ಅಂದರೆ ದೀಪ, ಹಚ್ಕೊಂಡೆ ಅಂದರೆ ಯಾರನ್ನೋ. ಕೇಳಿದೆ ಅಂದರೆ ಪ್ರಶ್ನೆ, ಕೇಳ್ಕೊಂಡೆ ಅಂದರೆ ಬೇಡಿಕೆ. ಅಂದೆ ಅಂದರೆ ಬಾಯಿ ಬಿಟ್ಟು ಹೇಳಿದ್ದು, ಅಂದ್ಕೊಂಡೆ ಅಂದರೆ ಹೇಳದೆ ಒಳಗೇ ಇಟ್ಟಿದ್ದು. ಕನ್ನಡದ ಪ್ರಕಾರ ಯೋಚನೆ ಅಂದರೆ ನಮಗೆ ನಾವೇ ಹೇಳ್ಕೊಳ್ಳೋದು!

ಎಲ್ಲಾ ಕಡೆ ಹೀಗೆ ಜೋಡಿ ಕೂಡಲ್ಲ. ‘ಕೊಮೆರ್’ ತಿನ್ನು, ‘ಕೊಮೆರ್ಸೆ’ ಪೂರ್ತಿ ತಿಂದು ಮುಗಿಸು. ಅದಕ್ಕೆ ನಮ್ಮಲ್ಲಿ ಬರೋದು ‘ಬಿಡು’: ತಿಂದುಬಿಟ್ಟ. ‘ಇರ್ಸೆ’ಗೂ ಅಷ್ಟೇ: ಹೋಗಿಬಿಟ್ಟ. ಸ್ಪ್ಯಾನಿಷ್‌ನವರು ಒಂದೇ ‘ಸೆ’ಯಲ್ಲಿ ಮಾಡೋ ಕೆಲಸವನ್ನ ನಾವು ‘ಕೊಳ್ಳು’ ಮತ್ತು ‘ಬಿಡು’ ಅಂತ ಇಬ್ಬರಿಗೆ ಹಂಚಿದ್ದೀವಿ. ಹತ್ತಿರಕ್ಕೆ ಬಂದಿದ್ದು ಕೊಳ್ಳು, ಕೈಬಿಟ್ಟು ಹೋಗಿದ್ದು ಬಿಡು.

ಈ ‘ಕೊ’ ಹಳೇ ಪದಗಳಿಗೆ ಮಾತ್ರ ಸೀಮಿತ ಅಂತ ತಿಳ್ಕೋಬೇಡಿ. ಬೆಂಗಳೂರಿನ ಅತಿ ಪ್ರಸಿದ್ಧ ಕನ್ನಡ ವಾಕ್ಯ ಯಾವುದು? ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಅದರಲ್ಲಿ ‘ಅಡ್ಜಸ್ಟ್ ಮಾಡಿ’ ಅಂದರೆ ಸೀಟನ್ನೋ ಫ್ಯಾನನ್ನೋ ಸರಿಮಾಡಿ ಅಂತ. ‘ಮಾಡ್ಕೊಳ್ಳಿ’ ಅಂದರೆ ಸರಿಯಾಗಬೇಕಾಗಿರೋದು ನೀವು. ಡೌನ್‌ಲೋಡ್ ಮಾಡ್ಕೊ, ಬುಕ್ ಮಾಡ್ಕೊ, ಸೇವ್ ಮಾಡ್ಕೊ: ಇಂಗ್ಲಿಷ್ ಪದ ಕನ್ನಡಕ್ಕೆ ಕಾಲಿಟ್ಟ ದಿನವೇ ಅದಕ್ಕೊಂದು ‘ಕೊ’ ಸಿಗುತ್ತೆ.

ಭಾಷಾವಿಜ್ಞಾನಿಗಳೂ ಇದರ ಹಿಂದೆ ಬಿದ್ದಿದ್ದಾರೆ. ಜೆಫ್ರಿ ಲಿಡ್ಜ್ ಅನ್ನೋ ಅಮೆರಿಕದ ವಿದ್ವಾಂಸ 2001ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಕನ್ನಡದ ಈ ‘ಕೊ’ವೇ ಮುಖ್ಯ ಸಾಕ್ಷಿ. ಅವರ ವಾದವನ್ನ ಸರಳವಾಗಿ ಹೀಗೆ ಹೇಳಬಹುದು. ಒಬ್ಬ ನಟ ಮೇಣದ ಗೊಂಬೆಗಳ ಮ್ಯೂಸಿಯಮ್ಮಿಗೆ ಹೋಗ್ತಾನೆ, ಅಲ್ಲಿ ಅವನದೇ ಗೊಂಬೆ ಇದೆ. ಅವನು ಆ ಗೊಂಬೆಯನ್ನ ನೋಡಿದರೆ ‘ತನ್ನನ್ನು ತಾನೇ ನೋಡಿದ’ ಅನ್ನಬಹುದು. ‘ನೋಡಿಕೊಂಡ’ ಅಂದರೆ ಮಾತ್ರ ಗೊಂಬೆ ಒಪ್ಪಲ್ಲ, ಅಲ್ಲಿ ಅವನೇ ಇರಬೇಕು. ‘ಕೊ’ ಪ್ರತಿರೂಪಕ್ಕೆ ಅಂಟಲ್ಲ, ಖುದ್ದು ಮನುಷ್ಯನಿಗೇ ಅಂಟುತ್ತೆ.

ಸಂಸ್ಕೃತದಲ್ಲೂ ಇದರ ಜಾತಿಯದೊಂದು ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಬರುತ್ತೆ ಅಂತ ಸಂಸ್ಕೃತ ತಗೊಂಡ ಬಹಳ ಜನರಲ್ಲಿ ನಾನೂ ಒಬ್ಬಳು. ಪರಸ್ಮೈಪದ, ಆತ್ಮನೇಪದ ಅಂತ ಉರು ಹೊಡೆದದ್ದು ನಿಮಗೂ ನೆನಪಿರಬಹುದು. ಮೊದಲನೆಯದು ‘ಇನ್ನೊಬ್ಬರಿಗಾಗಿ ಇರೋ ಪದ’, ಎರಡನೆಯದು ‘ತನಗಾಗಿ ಇರೋ ಪದ’. ಕ್ರಿಯೆಯ ಫಲ ಮಾಡಿದವರಿಗೇ ಸೇರೋದಾದರೆ ಕೆಲವು ಧಾತುಗಳಿಗೆ ಆತ್ಮನೇಪದ ಬರುತ್ತೆ ಅಂತ ಪಾಣಿನಿ ಮೊದಲನೇ ಅಧ್ಯಾಯದಲ್ಲೇ ಹೇಳ್ತಾನೆ. ಮೇಷ್ಟ್ರುಗಳು ಇದಕ್ಕೆ ಕೊಡೋ ಉದಾಹರಣೆ ಅಡುಗೆ. ‘ಪಚತಿ’ ಅಂದರೆ ಬೇರೆಯವರಿಗೆ ಬೇಯಿಸ್ತಾನೆ. ‘ಪಚತೇ’ ಅಂದರೆ ತನಗೆ ಬೇಯಿಸ್ಕೋತಾನೆ.

ಅಡುಗೆಯ ಈ ಉದಾಹರಣೆ ಈಗ ನನಗೆ ಬರೀ ವ್ಯಾಕರಣವಾಗಿ ಉಳಿದಿಲ್ಲ. ಅದಕ್ಕೆ ಕಾರಣ ನಮ್ಮವ್ವ.

ನಮ್ಮೂರು ಸೋಸಲೆ. ತಿ. ನರಸೀಪುರ ತಾಲ್ಲೂಕು. ವ್ಯಾಸರಾಜ ಮಠದಿಂದ ಕೆಲವರಿಗೆ ಹೆಸರು ಗೊತ್ತಿರುತ್ತೆ. 1958ರ ‘ಸ್ಕೂಲ್ ಮಾಸ್ಟರ್’ ಸಿನಿಮಾದ ಪ್ರಾರ್ಥನೆ ಹಾಡು ಬರೆದವರು ಸೋಸಲೆ ಅಯ್ಯಾಶಾಸ್ತ್ರಿಗಳು, ಆ ಸೋಸಲೆಯೇ. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಈ ‘ತೀರಿಕೊಂಡರು’ ಅನ್ನೋದನ್ನೂ ನೋಡಿ. ತೀರು ಅಂದರೆ ಮುಗಿ. ಎಣ್ಣೆ ತೀರುತ್ತೆ, ಸಾಲ ತೀರುತ್ತೆ. ಮನುಷ್ಯರು ತೀರಿಕೊಳ್ತಾರೆ. ಸ್ಪ್ಯಾನಿಷ್‌ನಲ್ಲೂ ಪೇಪರಿನ ಸುದ್ದಿಗೆ, ಅಪಘಾತಕ್ಕೆ ‘ಮೊರೀರ್’ ಸಾಕು; ನಮ್ಮ ಮನೆಯ ಹಿರಿಯರು ಹಾಸಿಗೆಯಲ್ಲಿ ಹೋದರು ಅನ್ನೋವಾಗ ನಾಲಿಗೆಗೆ ‘ಮೊರೀರ್ಸೆ’ ಬರುತ್ತಂತೆ. ಯಾರೂ ಬೇಕು ಅಂತ ಮಾಡದ ಕೆಲಸವನ್ನೂ ಎರಡು ಭಾಷೆ ಹೋದವರ ಲೆಕ್ಕಕ್ಕೇ ಹಾಕ್ತವೆ. ಕಡೇ ಕೆಲಸ, ಅದಾದರೂ ಅವರದೇ ಆಗಿರಲಿ ಅಂತಲೋ ಏನೋ.

ತಿರುಮಕೂಡಲಲ್ಲಿ, ಕಾವೇರಿ ಕಪಿಲೆ ಕೂಡೋ ಜಾಗದಲ್ಲಿ, ಅಪ್ಪನ ಬೂದಿ ಬಿಟ್ಟು ಬಂದಿದ್ದಾಗಿತ್ತು. ತಿಥಿ ಮುಗಿಸಿ ನೆಂಟರೆಲ್ಲ ಹಜಾರದಲ್ಲಿ ಕೂತಿದ್ದರು. ದೊಡ್ಡಪ್ಪ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ನನ್ನನ್ನೂ ಅಣ್ಣನನ್ನೂ ನೋಡಿ ಕೇಳಿದರು: “ಈಗ ನಿಮ್ಮವ್ವನ್ನ ಯಾರು ಇಟ್ಕತೀರಪ್ಪ?”

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹಳ್ಳಿಯಲ್ಲಿ ಎಲ್ಲರೂ ಕೇಳೋದೇ ಹೀಗೆ. ಅಣ್ಣ ಮೈಸೂರಲ್ಲಿ, ನಾನು ಬೆಂಗಳೂರಲ್ಲಿ. “ಆರಾರು ತಿಂಗಳು ಇಟ್ಕೊಳ್ಳೋಣ” ಅಂದ ಅಣ್ಣ. “ಮೊದಲು ನಾನೇ ಇಟ್ಕೋತೀನಿ” ಅಂದೆ ನಾನು. ‘ಇಡು’ ಅನ್ನೋ ಪದವನ್ನ ನಾವು ಪಾತ್ರೆಗೆ, ದುಡ್ಡಿಗೆ, ಒಡವೆಗೆ ಬಳಸ್ತೀವಿ. ಇಟ್ಟಿದ್ದು ಇಟ್ಟ ಕಡೆ ಇರಬೇಕು. ಅವತ್ತು ಹಜಾರದಲ್ಲಿ ಯಾರಿಗೂ ಆ ಪದ ವಿಚಿತ್ರ ಅನ್ನಿಸಲಿಲ್ಲ. ಚರ್ಚೆ ಅತ್ತಿಗೆಯ ಕೆಲಸದ ಪಾಳಿ, ನಮ್ಮ ಬಾಡಿಗೆ ಮನೆಯ ಲಿಫ್ಟು, ಊರಿನ ಮನೆಗೆ ಬೀಗ, ಎಲ್ಲಾ ದಾಟಿ ಮುಂದಕ್ಕೆ ಹೋಗಿತ್ತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಸೀರೆ ಸೆರಗಿಗೆ ಕೈ ಒರೆಸ್ಕೊಳ್ತಾ ಹೇಳಿದಳು: “ಯಾರೂ ಇಟ್ಕಬೇಕಾಗಿಲ್ಲ. ನಾನ್ ಇಲ್ಲೇ ಇದ್ಕತೀನಿ.”

ಇಟ್ಕತೀನಿ, ಇದ್ಕತೀನಿ. ಮಧ್ಯೆ ಬದಲಾಗಿರೋದು ಒಂದು ವ್ಯಂಜನ. ಒಂದು ‘ಇಡು’ವಿನದು, ಇನ್ನೊಂದು ‘ಇರು’ವಿನದು. ದೊಡ್ಡಪ್ಪ ಸರಿಯಾಗಿ ಕೇಳಿಸಲಿಲ್ಲ ಅನ್ನೋ ಹಾಗೆ “ಏನಂದವ್ವ?” ಅಂದರು. ಅವ್ವ ಇನ್ನೊಂದು ಸಲ ಹೇಳಿದಳು. ಬರೀ ‘ಇರ್ತೀನಿ’ ಅಂದಿದ್ದರೆ ಅದು ಒಂದು ಸುದ್ದಿ ಅಷ್ಟೇ. ‘ಇದ್ಕತೀನಿ’ ಅಂದರೆ ನಿಭಾಯಿಸೋದು ನಾನು, ಕಷ್ಟ ನಂದು, ಸುಖಾನೂ ನಂದು ಅಂತ.

41 ವರ್ಷ ಸಂಸಾರ ಮಾಡಿದವಳು ಅವ್ವ. ಅವಳಿಗೆ ಈ ‘ಕೊ’ ಹೊಸದಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಸಿಕ್ಕ ಬುದ್ಧಿಮಾತೆಲ್ಲ ‘ಕೊ’ದ್ದೇ: ಹೊಂದ್ಕೊ, ತಡ್ಕೊ, ಸಹಿಸ್ಕೊ, ಸುಧಾರಿಸ್ಕೊ, ಅನುಸರಿಸ್ಕೊ. ವ್ಯಾಕರಣದ ಪ್ರಕಾರ ಎಲ್ಲವೂ ಆತ್ಮಾರ್ಥಕವೇ, ಫಲ ಮಾತ್ರ ಯಾವತ್ತೂ ಇನ್ನೊಬ್ಬರಿಗೆ. ಅಡುಗೆ ವಿಷಯದಲ್ಲಿ ಆ ‘ಕೊ’ ಸಹ ಇರಲಿಲ್ಲ. ಅವ್ವ ಅಡುಗೆ ಮಾಡ್ತಿದ್ದಳು. ಅಪ್ಪನಿಗೆ ಬಿ.ಪಿ. ಅಂತ ಉಪ್ಪು ಕಮ್ಮಿ, ನನಗೆ ಖಾರ ಆಗಲ್ಲ ಅಂತ ಮೆಣಸಿನಕಾಯಿ ಕಮ್ಮಿ, ಅಣ್ಣನಿಗೆ ಬದನೆಕಾಯಿ ಆಗಲ್ಲ ಅಂತ ಅದು ಇಲ್ಲವೇ ಇಲ್ಲ.

ತಿಥಿಯಾಗಿ ಮೂರು ತಿಂಗಳ ಮೇಲೆ ಫೋನಲ್ಲಿ “ಏನ್ ಅಡುಗೆ ಮಾಡಿದ್ಯವ್ವ?” ಅಂತ ಕೇಳಿದೆ. “ಅಕ್ಕಿರೊಟ್ಟಿ, ಹುಚ್ಚೆಳ್ ಚಟ್ನಿ, ಬದ್ನೆಕಾಯ್ ಪಲ್ಯ ಮಾಡ್ಕಂಡೆ ಕಣವ್ವ,” ಅಂದಳು. ನಾನು ಕೇಳಿದ್ದು ‘ಮಾಡಿದ್ಯ’, ಅವಳು ಹೇಳಿದ್ದು ‘ಮಾಡ್ಕಂಡೆ’. ಅರವತ್ತು ದಾಟಿದ ಮೇಲೆ ನಮ್ಮವ್ವ ಪರಸ್ಮೈಪದದಿಂದ ಆತ್ಮನೇಪದಕ್ಕೆ ಬಂದಿದ್ದಳು. ಖಾರ ಜಾಸ್ತಿ ಹಾಕ್ಕಂಡಿದ್ದೀನಿ ಅಂತ ಬೇರೆ ಹೇಳಿ ನಕ್ಕಳು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಚೆಂದದ ಕಥೆ. ಆದರೆ ‘ಕೊ’ ಬ್ಯಾಂಕ್ ಅಕೌಂಟಿನ ಹಾಗೆ. ಕ್ರೆಡಿಟ್ ಆಗೋದೂ ಅದೇ ಖಾತೆಗೆ, ಡೆಬಿಟ್ ಆಗೋದೂ ಅದೇ ಖಾತೆಯಿಂದ. ಮಾಡ್ಕೊಂಡೆ, ಉಳಿಸ್ಕೊಂಡೆ, ಗಳಿಸ್ಕೊಂಡೆ ಅನ್ನೋ ಕನ್ನಡವೇ ಕೈ ಸುಟ್ಕೊಂಡೆ, ಕಾಲು ಮುರ್ಕೊಂಡೆ ಅಂತಲೂ ಹೇಳುತ್ತೆ. ಸ್ಪ್ಯಾನಿಷ್‌ನಲ್ಲೂ ಕಾಲು ಮುರಿದರೆ ‘ಮೆ’ ಹಾಕೇ ಹೇಳಬೇಕು. ಬೇಕು ಅಂತ ಯಾರೂ ಮುರ್ಕೊಳ್ಳಲ್ಲ, ಆದರೂ ಕೇಳಿದವರಿಗೆ ತಪ್ಪು ನಿಮ್ಮದೇ ಅನ್ನಿಸೋ ಹಾಗೆ ವಾಕ್ಯ ಕೂತಿರುತ್ತೆ. ಕಳೆದ ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಕೈ ಉಳುಕಿಸ್ಕೊಂಡಳು. ಮೂರು ದಿನ ನಮಗೆ ಹೇಳಲಿಲ್ಲ. ಪಕ್ಕದ ಮನೆಯವರು ಫೋನ್ ಮಾಡಿದ ಮೇಲೆ ಗೊತ್ತಾಯಿತು. ಅಣ್ಣ ಮೈಸೂರಿಂದ ಓಡಿದ, ನಾನು ರಾತ್ರಿಯೇ ಬೆಂಗಳೂರು ಬಿಟ್ಟೆ.

“ಅದಕ್ಕೇ ಹೇಳೋದು, ನೋಡ್ಕೊಳ್ಳೋರು ಒಬ್ರು ಇರ್ಬೇಕು ಅಂತ,” ಅಂದ ಅಣ್ಣ. ಅವನ ಭಯ ಸುಳ್ಳಲ್ಲ. ಮುಂದಿನ ಸಲ ಕೈ ಅಲ್ಲ, ಸೊಂಟ ಆದರೆ? ಪಕ್ಕದ ಮನೆಯವರು ಊರಲ್ಲಿ ಇಲ್ಲದೆ ಇದ್ದರೆ? ನನ್ನ ಹತ್ತಿರವೂ ಅದಕ್ಕೆ ಉತ್ತರ ಇಲ್ಲ. ಎಷ್ಟೋ ರಾತ್ರಿ ಫೋನ್ ಸೈಲೆಂಟಿಗೆ ಹಾಕೋಕೆ ಕೈ ಬರಲ್ಲ. ನಿಮ್ಮಲ್ಲಿ ಊರಲ್ಲಿ ಒಂಟಿ ಅವ್ವನೋ ಅಪ್ಪನೋ ಇರೋರಿಗೆ ಇದು ಗೊತ್ತು.

ಅವ್ವ ಬ್ಯಾಂಡೇಜ್ ಸುತ್ತಿದ ಕೈಯನ್ನ ಮಡಿಲಲ್ಲಿ ಇಟ್ಕೊಂಡು ಇಬ್ಬರ ಮಾತೂ ಕೇಳಿದಳು. ಕೊನೆಗೆ ಅಂದಳು: “ನೋಡಕ್ ಬನ್ನಿ. ನೋಡ್ಕಳಕ್ ಬರ್ಬ್ಯಾಡಿ. ಅದನ್ನ ಕೇಳ್ದಾಗ ಬನ್ನಿ.”

ನಾನು ಆ ಮಾತನ್ನ ಬಹಳ ದಿನ ತಿರುಗಿಸಿ ಮುರುಗಿಸಿ ನೋಡಿದ್ದೀನಿ. ಅವಳು ನೋಡಿಕೊಳ್ಳೋದು ಬೇಡವೇ ಬೇಡ ಅನ್ನಲಿಲ್ಲ. ಯಾವಾಗ ಅನ್ನೋದನ್ನ ತನ್ನ ಹತ್ತಿರ ಇಟ್ಕೊಂಡಳು. ಅಣ್ಣನ ಕಣ್ಣ ಮುಂದೆ, ನನ್ನ ಕಣ್ಣ ಮುಂದೆ ಆಗ ಇದ್ದದ್ದು ಬಿದ್ದಿರೋ ಒಬ್ಬ ಅವ್ವನ ಚಿತ್ರ, ನಮ್ಮ ಭಯದಲ್ಲಿ ಮೇಣ ಕರಗಿಸಿ ಎರಕ ಹೊಯ್ದದ್ದು. ಜಗಲಿ ಮೇಲೆ ಕೂತಿದ್ದವಳು ಬೇರೆ. ಅವಳಿಗೆ ಮರುದಿನ ಬೆಳಿಗ್ಗೆ ಹೂವಿನ ಗಿಡಕ್ಕೆ ನೀರು ಹಾಕೋದಿತ್ತು, ಸಂಘದ ಕಂತು ಕಟ್ಟೋದಿತ್ತು. ಎಡಗೈಯಲ್ಲಾದರೂ ಮಾಡ್ಕತೀನಿ ಅಂತ ಆಗಲೇ ಲೆಕ್ಕ ಹಾಕ್ಕಂಡಿದ್ದಳು.

ನಾವೂ ಸುಮ್ಮನೆ ಬರಲಿಲ್ಲ. ಬಚ್ಚಲಿಗೆ ಜಾರದ ಕಲ್ಲು ಹಾಕಿಸಿದೆವು, ಗೋಡೆಗೆ ಹಿಡ್ಕೊಳ್ಳೋಕೆ ಕಂಬಿ. ಪಕ್ಕದ ಮನೆಗೆ ಒಂದು ಬೀಗದ ಕೈ. ದಿನಾ ಬೆಳಿಗ್ಗೆ ಏಳಕ್ಕೆ ಅವಳಿಂದ ಒಂದು ಮಿಸ್ಡ್ ಕಾಲ್. ಅಣ್ಣನಿಗೆ ಇದು ಸಾಲದು ಅನ್ನಿಸುತ್ತೆ, ನನಗೆ ಕೆಲವು ದಿನ ಸಾಕು, ಕೆಲವು ದಿನ ಸಾಲದು. ಅವ್ವನಿಗೆ ಮಿಸ್ಡ್ ಕಾಲ್ ಕೂಡ ಸ್ವಲ್ಪ ಜಾಸ್ತಿಯೇ ಆಯ್ತು.

ಇದರ ನಡುವೆ ಪಟ್ಟಿಯಲ್ಲಿ ‘ಕೆದಾರ್ಸೆ’ ಸಿಕ್ಕಿತು. ‘ಕೆದಾರ್’ ಅಂದರೆ ಉಳಿ, ಬಾಕಿ ಇರು. ‘ಕೆದಾರ್ಸೆ’ ಅಂದರೆ ಹೋಗದೆ ಅಲ್ಲೇ ಉಳ್ಕೊ. ಅದರ ಮುಂದೆ ‘ಕೊನ್’ ಅಂತ ಸೇರಿಸಿದರೆ ಏನನ್ನಾದರೂ ತನಗೇ ಇಟ್ಕೊ ಅಂತಲೂ ಆಗುತ್ತೆ. ಅಂದರೆ ನಮ್ಮ ಹಜಾರದಲ್ಲಿ ಅವತ್ತು ಎದುರುಬದುರು ನಿಂತ ಎರಡು ಮಾತಿಗೂ ಅವರಲ್ಲಿ ಒಂದೇ ಕ್ರಿಯಾಪದ. ದೊಡ್ಡಪ್ಪ ಕೇಳಿದ್ದೂ ಕೆದಾರ್ಸೆ, ಅವ್ವ ಹೇಳಿದ್ದೂ ಕೆದಾರ್ಸೆ. ಕನ್ನಡದಲ್ಲಿ ಅವು ಬೇರೆ ಬೇರೆ ಆಗಿದ್ದದ್ದು ಅವ್ವನ ಪುಣ್ಯ.

ಹೋದ ವಾರ ಅವ್ವನ ಫೋನ್ ಬಂತು. ಗ್ಯಾಸ್ ಸಿಲಿಂಡರನ್ನ ಇಷ್ಟು ದಿನ ಬೆಂಗಳೂರಿಂದ ನಾನೇ ಬುಕ್ ಮಾಡ್ತಿದ್ದೆ. “ಆಗೋಗಿದ್ಯಾ? ಈಗ್ಲೇ ಮಾಡ್ತೀನಿ ಇರು,” ಅಂತ ಲ್ಯಾಪ್‌ಟಾಪ್ ಎಳ್ಕೊಂಡೆ.

“ನೀನ್ ಮಾಡ್ಬ್ಯಾಡ,” ಅಂದಳು. “ಬುಕ್ ಮಾಡ್ಕಳದು ಹೆಂಗೆ ಅಂತ ಹೇಳ್ಕೊಡು.”

ಕೊಳ್ಳೋದು ಅವಳಿಗೆ, ಕೊಡೋದು ನನಗೆ. ಲ್ಯಾಪ್‌ಟಾಪ್ ಮುಚ್ಚಿ, “ಸರಿ, ಮೊದಲು ಫೋನ್ ಸ್ಪೀಕರಿಗೆ ಹಾಕ್ಕೊ,” ಅಂದೆ.